ಮಳೆಗಾಲದಲ್ಲಿ ನಾಗರಹೊಳೆಗೆ ಬರುವವರಿಗೆ

ಪುಟ್ಟಿ, ಆಗಸ್ಟ್ ಮೊದಲ ವಾರ ನೀವಿಬ್ಬರೂ ನಾಗರಹೊಳೆಗೆ ಬಂದರೆ ಏನಾದರೂ ಕಾಣುತ್ತಾ, ಇಲ್ಲಾ ಸುಮ್ನೆ ದುಡ್ಡು ದಂಡನಾ ಅಂತ ಕೇಳಿದ್ದೆಯಲ್ಲ. ಬನ್ನಿ. ಆದರೆ ಹುಲಿ ನೋಡಲೇಬೇಕು ಅಂತ ಅಳಿಯಂದಿರು ಹಟ ಹಿಡಿದಿದ್ದರೆ ಏಪ್ರಿಲ್‌ಗೆ ಇಟ್ಟುಕೊಳ್ಳಿ.

ನಿಮ್ಮ ಮಾವ ಗ್ರೂಪಿಗೆ ಹಾಕಿದ ಆನೆ ಹಿಂಡಿನ ಫೋಟೋ ಬೇಸಿಗೆಯದು, ಕಬಿನಿ ಹಿನ್ನೀರಿನದು. ಆಗ ಕಾಡಿನ ಕೆರೆಗಳು ಬತ್ತಿರುತ್ತವೆ. ಹಿನ್ನೀರು ಇಳಿದ ಜಾಗದಲ್ಲಿ ಹಸಿ ಹುಲ್ಲು ಬರುತ್ತದೆ, ಆನೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಮಳೆ ಹಿಡಿದ ಮೇಲೆ ಎಲ್ಲ ಕಡೆ ನೀರು, ಎಲ್ಲ ಕಡೆ ಮೇವು. 640 ಚದರ ಕಿಲೋಮೀಟರ್ ದಾಟಿದ ಕಾಡು, ಒಂದೇ ಕಡೆ ಯಾಕೆ ನಿಲ್ಲುತ್ತವೆ ಹೇಳು? ಪೊದೆ ಬೇರೆ ಒತ್ತಾಗಿರುತ್ತದೆ. ಕಾಟಿ, ಅಂದರೆ ಕಾಡೆಮ್ಮೆ, ಪಕ್ಕದಲ್ಲೇ ನಿಂತಿದ್ದರೂ ಕಿವಿ ಅಲ್ಲಾಡಿಸಿದಾಗಲೇ ಗೊತ್ತಾಗೋದು. ರಸ್ತೆ ಬದಿ ಹುಲ್ಲಿಗೆ ಜಿಂಕೆಗಳು ಮಾತ್ರ ಬರುತ್ತಿರುತ್ತವೆ. ನನಗೆ ಕೇಳಿದರೆ, ಆ ಹಸಿರು ನೋಡೋಕೇ ಒಂದು ಸಲ ಬರಬೇಕು. ಜೀಪಿನಲ್ಲಿ ಗಲಾಟೆನೂ ಕಮ್ಮಿ.

ಕೊಡಗಿನ ಕುಟ್ಟದ ಹತ್ತಿರದ ನಾಣಚ್ಚಿ ಗೇಟಿನಿಂದ ಬೆಳಗಿನ ಸಫಾರಿ ಒಂದೇ ಸಾಕು. ಮಳೆ ಜೋರಾದರೆ ಬಿಡದೆಯೂ ಇರಬಹುದು, ಹಿಂದಿನ ದಿನವೇ ಕೇಳಿಕೊಳ್ಳಿ. ಹುಣಸೂರು ಕಡೆಯಿಂದ ಕಾಡಿನ ರಸ್ತೆಯಲ್ಲಿ ಬರೋದಾದರೆ ಬೇಗ ಹೊರಡಿ. ಸಂಜೆ 6ಕ್ಕೆ ಗೇಟು ಹಾಕಿದರೆ ಬೆಳಿಗ್ಗೆ 6ರ ತನಕ ತೆಗೆಯಲ್ಲ. ನಡುವೆ ಇಳಿದು ಸೆಲ್ಫಿ ಗಿಲ್ಫಿ ಬೇಡ.

ಹೋಂಸ್ಟೇಗೆ ಈಗ ಜನ ಕಮ್ಮಿ, ವಾರದ ನಡುವೆ ಬಂದರೆ ರೇಟು ಇಳಿಸಿ ಅಂತ ಧೈರ್ಯವಾಗಿ ಕೇಳು. ಆದರೆ ಕತ್ತಲಾದ ಮೇಲೆ ತೋಟದ ದಾರಿಯಲ್ಲಿ ಕೈ ಕೈ ಹಿಡಿದು ವಾಕಿಂಗ್ ಅಂತ ಹೋಗಬೇಡಿ. ಹಲಸಿನ ಹಣ್ಣಿನ ಕಾಲ. ಆನೆ ಕಾಡಿನೊಳಗೆ ಕಾಣದಿದ್ದರೂ ಕಾಫಿ ತೋಟದಲ್ಲಿ ಇರುತ್ತದೆ. ನಮ್ಮ ಗೇಟಿನ ಮುಂದೆಯೇ ಮೊನ್ನೆ ಲದ್ದಿ ಬಿದ್ದಿತ್ತು, ಇನ್ನೂ ಹಬೆ ಆಡುತ್ತಿತ್ತು, ತುಂಬಾ ಇಡೀ ಇಡೀ ಹಲಸಿನ ಬೀಜ.

ಇರ್ಪು ಜಲಪಾತ ಬಿಡಬೇಡಿ. ಬೇಸಿಗೆಯಲ್ಲಿ ಬಂದವರಿಗೆ ಸಿಗೋದು ಸಣ್ಣ ಧಾರೆ, ಈಗ ಲಕ್ಷ್ಮಣತೀರ್ಥ ನದಿ ಮೈದುಂಬಿ ಬೀಳುತ್ತದೆ. ನೀರಿಗೆ ಮಾತ್ರ ಇಳಿಯಬೇಡಿ. ಜಿಗಣೆಗೆ ಉಪ್ಪಿನ ಪೊಟ್ಟಣ ಇಟ್ಟುಕೊಳ್ಳಿ. ಹತ್ತಿದರೆ ಕಿತ್ತು ಎಳೆಯಬೇಡಿ, ಉಪ್ಪು ಮುಟ್ಟಿಸಿದರೆ ತಾನೇ ಬೀಳುತ್ತದೆ.

ಆಗಸ್ಟ್ 3 ಕಕ್ಕಡ ಹದಿನೆಂಟು, ಅಂದರೆ ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ, ಆವತ್ತು ಊಟಕ್ಕೆ ನಮ್ಮ ಮನೆಗೇ ಬನ್ನಿ. ಆ ದಿನ ಔಷಧಿ ಅಂತ ತಿನ್ನುವ ಮದ್ದು ಸೊಪ್ಪಿನ ಪಾಯಸ ಮಾಡುತ್ತೇನೆ. ಮಾರನೇ ದಿನ ಬಾತ್‌ರೂಮಿಗೆ ಹೋದಾಗ ಕೆಂಪಗೆ ಕಂಡರೆ ಹೆದರಬೇಡಿ, ಅದು ಸೊಪ್ಪಿನ ಬಣ್ಣ ಅಂತ ಅಳಿಯಂದಿರಿಗೆ ಮೊದಲೇ ಹೇಳಿಬಿಡು.