ಮುಖದ ಕಳೆ, ಬಂಗು, ಸನ್‌ಸ್ಕ್ರೀನ್: ಚರ್ಮವೈದ್ಯರ ಜೊತೆ ಗುಂಪಿನ ಸದಸ್ಯರ ಪ್ರಶ್ನೋತ್ತರ

ಪ್ರಶ್ನೆ (ದಾವಣಗೆರೆ, 29 ವರ್ಷ):
ಮೇಡಂ, ದಿನಾ ಬೆಳಿಗ್ಗೆ ತಪ್ಪದೆ ಎಸ್‌ಪಿಎಫ್ 50 ಸನ್‌ಸ್ಕ್ರೀನ್ ಹಚ್ಚಿಕೊಂಡೇ ಗಾಡಿ ಹತ್ತೋದು. ನಾಲ್ಕು ತಿಂಗಳಾಯ್ತು, ಮುಖದಲ್ಲಿ ಕಳೆಯೇ ಬಂದಿಲ್ಲ, ಕೆನ್ನೆ ಇನ್ನೂ ಕಪ್ಪಾಗ್ತಾ ಇದೆ. 50 ಗ್ರಾಂ ಟ್ಯೂಬ್, ಈಗ ಮುಗೀತಾ ಬಂತು. ಈ ಸಲ ಬೇರೆ ಕಂಪನಿದು ತಗೊಳ್ಳಲಾ?

ಚರ್ಮವೈದ್ಯೆ:
ಕಂಪನಿ ಬೇಡ, ಅಳತೆ ಬದಲಿಸಿ. 50 ಗ್ರಾಂ ಟ್ಯೂಬ್ 120 ದಿನ ಬಂದಿದೆ ಅಂದ್ರೆ ನೀವು ದಿನಕ್ಕೆ ಹಚ್ಚಿದ್ದು 0.4 ಗ್ರಾಂ. ಮುಖ, ಕತ್ತು ಎರಡಕ್ಕೂ ಸೇರಿ ಬೇಕಾಗೋದು 1ರಿಂದ 1.2 ಗ್ರಾಂ. ಎಸ್‌ಪಿಎಫ್, ಅಂದ್ರೆ ಸುಡುವ ಬಿಸಿಲಿನಿಂದ ಎಷ್ಟು ರಕ್ಷಣೆ ಅನ್ನೋ ಸಂಖ್ಯೆಯನ್ನು ಲ್ಯಾಬಿನಲ್ಲಿ ಅಳೆಯುವಾಗ ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿರ್ತಾರೆ. ಅದರ ಮೂರನೇ ಒಂದು ಭಾಗ ಸವರಿಕೊಂಡರೆ ಆ 50 ಟ್ಯೂಬಿನ ಮೇಲೇ ಉಳಿಯುತ್ತೆ, ನಿಮ್ಮ ಕೆನ್ನೆಗೆ ಸಿಗಲ್ಲ. ಸರಿಯಾಗಿ ಹಚ್ಚಿದರೆ ದಿನಕ್ಕೊಂದು ಸಲದ ಲೆಕ್ಕದಲ್ಲಿ ಈ ಟ್ಯೂಬ್ ಆರು ವಾರ ಬರುತ್ತೆ, ಎರಡು ಸಲ ಆದರೆ ಮೂರೇ ವಾರ.

ತೋರುಬೆರಳು, ನಡುಬೆರಳು ಎರಡರ ಮೇಲೂ ಬುಡದಿಂದ ತುದಿಯವರೆಗೆ ಒಂದೊಂದು ಗೆರೆ ಎಳೆಯಿರಿ. ಅಷ್ಟೂ ಮುಖಕ್ಕೆ, ಕಿವಿಗೆ, ಕತ್ತಿಗೆ. ಒಂದೇ ಸಲ ಹಚ್ಚಿದರೆ ಜಿಡ್ಡು ಅನಿಸಿದರೆ ಮೊದಲು ಒಂದು ಬೆರಳಿನಷ್ಟು ಹಚ್ಚಿ, ಐದು ನಿಮಿಷ ಬಿಟ್ಟು ಇನ್ನೊಂದು ಬೆರಳಿನಷ್ಟು ಹಚ್ಚಿ. ಹಣೆ, ಕೆನ್ನೆ, ಮೂಗು, ಗಲ್ಲ, ಕತ್ತು ಅಂತ ಚುಕ್ಕಿ ಇಟ್ಟುಕೊಂಡು ಮೆಲ್ಲಗೆ ಹರಡಿ. ಕ್ರೀಮು ಮಾಯವಾಗೋವರೆಗೆ ತಿಕ್ಕೋದು ಬೇಡ. ಸಾಮಾನ್ಯವಾಗಿ ಬಿಟ್ಟುಹೋಗೋ ಜಾಗ ಹಣೆಯ ಬದಿ, ಮೇಲ್ತುಟಿಯ ಮೇಲ್ಭಾಗ, ಕಿವಿ, ಕತ್ತಿನ ಹಿಂಭಾಗ.

ನೀವು ಗಾಡಿ ಓಡಿಸೋರು, ಹಾಗಾಗಿ ಇನ್ನೊಂದು ಮಾತು. ಹೆಲ್ಮೆಟ್ಟಿನ ಒಳಗಿನ ಸ್ಪಂಜು ಸರಿಯಾಗಿ ಕೆನ್ನೆ ಮೇಲಿಂದಲೇ ಸನ್‌ಸ್ಕ್ರೀನ್ ಒರೆಸಿಬಿಡುತ್ತೆ. ಹಚ್ಚಿ 15 ನಿಮಿಷ ಬಿಟ್ಟು ಹೆಲ್ಮೆಟ್ ಹಾಕಿ, ವೈಸರ್ ಇಳಿಸಿಕೊಂಡೇ ಓಡಿಸಿ, ಇಳಿದ ಮೇಲೆ ಬಿಸಿಲಲ್ಲಿ ಓಡಾಟ ಇದ್ದರೆ ಕೆನ್ನೆಗೆ ಮತ್ತೆ ಹಚ್ಚಿ. ಹೊರಗೇ ಇರೋ ದಿನ ಎರಡು ಗಂಟೆಗೊಮ್ಮೆ ಹಚ್ಚಬೇಕು, ಬೆವರು ಒರೆಸಿಕೊಂಡರೆ ಆ ಕ್ಷಣಕ್ಕೇ.

ಇನ್ನು ಕಳೆ. ಚರ್ಮದ ಮೇಲ್ಪದರ ನುಣುಪಾಗಿ, ನೀರಿನಂಶ ತುಂಬಿಕೊಂಡಿದ್ದರೆ ಅದರ ಮೇಲೆ ಬಿದ್ದ ಬೆಳಕು ಒಂದೇ ಸಮನೆ ಹಿಂದಿರುಗುತ್ತೆ. ಅದೇ ಹೊಳಪು. ಒಣಗಿ ಹೊಟ್ಟೆದ್ದರೆ ಬೆಳಕು ಚೆದುರಿ ಮುಖ ಬೂದಿ ಬಳಿದಂತೆ ಕಾಣುತ್ತೆ. ಕಪ್ಪು ಚರ್ಮ, ಎಣ್ಣೆಗೆಂಪು, ಗೋಧಿ ಬಣ್ಣ ಎಲ್ಲಕ್ಕೂ ಇದೇ ಲೆಕ್ಕ, ಬೆಳ್ಳಗಾಗೋದಕ್ಕೂ ಹೊಳಪಿಗೂ ಸಂಬಂಧವೇ ಇಲ್ಲ. ನಿಮ್ಮ ತೋಳಿನ ಮೇಲ್ಭಾಗದ ಒಳಬದಿ, ಕಂಕುಳ ಹತ್ತಿರ ನೋಡಿಕೊಳ್ಳಿ. ಬಿಸಿಲೇ ಕಾಣದ ಆ ಬಣ್ಣ ನಿಮ್ಮ ಹುಟ್ಟು ಬಣ್ಣ. ಮುಖವನ್ನು ಅಲ್ಲಿವರೆಗೆ ತರಬಹುದು. ಅದಕ್ಕಿಂತ ಮುಂದೆ ಒಯ್ತೀವಿ ಅನ್ನೋ ಯಾವ ಕ್ರೀಮನ್ನೂ ನಂಬಬೇಡಿ.

ಅದೇ ಸದಸ್ಯೆ:
ಅಂದ್ರೆ ಸನ್‌ಸ್ಕ್ರೀನ್ ಒಂದೇ ಸಾಕಾ ಮೇಡಂ? ಸೋಪಿನಲ್ಲಿ ಮುಖ ತೊಳೀತೀನಿ, ಬೇರೇನೂ ಹಚ್ಚಲ್ಲ.

ಚರ್ಮವೈದ್ಯೆ:
ಸೋಪು ಬಿಡಿ. ಚರ್ಮದ ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 5, ಮಾಮೂಲಿ ಸೋಪಿನದು 9–10. ತೊಳೆದ ಮೇಲೆ ಮುಖ ಬಿಗಿದುಕೊಳ್ಳೋದು ಸ್ವಚ್ಛವಾಗಿದ್ದಕ್ಕಲ್ಲ, ಚರ್ಮದ ಸ್ವಂತ ಜಿಡ್ಡು ಕಿತ್ತುಹೋಗಿದ್ದಕ್ಕೆ. ನೊರೆ ಕಡಿಮೆ ಇರೋ, ಪರಿಮಳ ಇಲ್ಲದ ಫೇಸ್‌ವಾಶ್ ರಾತ್ರಿ ಒಂದು ಸಲ ಸಾಕು, ಬೆಳಿಗ್ಗೆ ಬರೀ ನೀರಾದರೂ ನಡೆಯುತ್ತೆ. ಟವೆಲಿನಲ್ಲಿ ಒತ್ತಿಕೊಂಡು, ಮುಖ ಇನ್ನೂ ಹಸಿ ಇರುವಾಗಲೇ ಗ್ಲಿಸರಿನ್ ಅಥವಾ ಸೆರಮೈಡ್ ಇರೋ ಮಾಯಿಶ್ಚರೈಸರ್ ಹಚ್ಚಿ. ಬೆಳಿಗ್ಗೆ ಅದರ ಮೇಲೆ ಸನ್‌ಸ್ಕ್ರೀನ್. ಮೂರೇ ವಸ್ತು. ಮೇಲ್ಪದರ ಹೊಸದಾಗಲು ನಾಲ್ಕರಿಂದ ಆರು ವಾರ ಬೇಕು, ಬಿಸಿಲಿನ ಕಪ್ಪು ಇಳಿಯೋಕೆ ಎರಡು ಮೂರು ತಿಂಗಳು. ಅಲ್ಲಿವರೆಗೆ ಹೊಸದೇನೂ ಸೇರಿಸಬೇಡಿ.

ಪ್ರಶ್ನೆ (ಬೆಂಗಳೂರು, 33 ವರ್ಷ):
ನಾನು ಎಸಿ ಆಫೀಸಿನಲ್ಲಿ ಕಿಟಕಿ ಪಕ್ಕ ಕೂರ್ತೀನಿ. ಬೆಂಗಳೂರಲ್ಲಿ ವರ್ಷದ ಅರ್ಧದಷ್ಟು ದಿನ ಮೋಡ. ನನಗೂ ಬೇಕಾ? ಲ್ಯಾಪ್‌ಟಾಪ್ ಬೆಳಕಿಗೂ ಹಚ್ಚಬೇಕು ಅಂತಾರೆ, ನಿಜವಾ?

ಚರ್ಮವೈದ್ಯೆ:
ಕಿಟಕಿ ಪಕ್ಕ ಕೂರೋರಿಗೆ ಬೇಕು. ಬಿಸಿಲಿನ ಅತಿನೇರಳೆ (ಯುವಿ) ಕಿರಣಗಳಲ್ಲಿ ಸುಡುವ ಯುವಿಬಿಯನ್ನು ಗಾಜು ಬಹುಪಾಲು ತಡೆಯುತ್ತೆ, ಕಪ್ಪು ಮಾಡಿ ಚರ್ಮ ಸಡಿಲಿಸೋ ಯುವಿಎ ಗಾಜು ದಾಟಿ ಬರುತ್ತೆ. ಕಾರಿನಲ್ಲೂ ಹಾಗೇ, ಮುಂದಿನ ಗಾಜು ಎರಡು ಪದರದ್ದು, ಚೆನ್ನಾಗಿ ತಡೆಯುತ್ತೆ, ಪಕ್ಕದ ಗಾಜು ಅಷ್ಟು ತಡೆಯಲ್ಲ. ತೆಳು ಮೋಡವೂ ಯುವಿಯನ್ನು ಹೆಚ್ಚು ಕಡಿಮೆ ಹಾಗೇ ಬಿಡುತ್ತೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರ. ಸಾವಿರ ಮೀಟರಿಗೆ ಯುವಿ ಸುಮಾರು ಶೇ. 10 ಹೆಚ್ಚುತ್ತೆ. ಗಾಳಿ ತಂಪಾಗಿರೋದ್ರಿಂದ ಬಿಸಿಲು ಮೃದು ಅಂದುಕೊಂಡು ಎಲ್ಲರೂ ಮೋಸ ಹೋಗ್ತಾರೆ. ನೆರಳು ನೋಡಿ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಅಂತ ಅರ್ಥ.

ಲ್ಯಾಪ್‌ಟಾಪಿನ ಬೆಳಕು ಬಿಸಿಲಿನ ಮುಂದೆ ಏನೂ ಅಲ್ಲ, ಅದಕ್ಕಾಗಿ ದುಡ್ಡು ಹಾಕಬೇಡಿ.

ಫಾರ್ಮಸಿಸ್ಟ್ (ಗುಂಪಿನ ಸದಸ್ಯರು):
ಮೇಡಂ ಮಾತಿಗೆ ಸ್ವಲ್ಪ ಸೇರಿಸ್ತೀನಿ. ಅಂಗಡಿಯಲ್ಲಿ ಎಲ್ಲರೂ ಎಸ್‌ಪಿಎಫ್ ಮಾತ್ರ ಕೇಳ್ತಾರೆ. ಅದು ಯುವಿಬಿಯ ಲೆಕ್ಕ. ಎಸ್‌ಪಿಎಫ್ 30 ಸುಮಾರು ಶೇ. 97 ತಡೆದರೆ 50 ಶೇ. 98 ತಡೆಯುತ್ತೆ, ಆದ್ದರಿಂದ 30 ಇದ್ದರೂ ಧಾರಾಳವಾಗಿ ಹಚ್ಚೋರು ಗೆಲ್ತಾರೆ. ಯುವಿಎಗೆ ನೋಡಬೇಕಾದ್ದು ಟ್ಯೂಬಿನ ಮೇಲೆ ಪಿಎ ಅನ್ನೋ ಅಕ್ಷರಗಳ ಪಕ್ಕದ ಪ್ಲಸ್ ಗುರುತು. ಅದು ಜಪಾನಿನ ಪದ್ಧತಿ, ನಾಲ್ಕು ಪ್ಲಸ್ ಅತಿ ಹೆಚ್ಚು. ಮೂರಕ್ಕಿಂತ ಕಡಿಮೆ ಇದ್ದರೆ ಬೇಡ ಅಂತೀನಿ. ಮುಚ್ಚಳ ತೆರೆದ ಡಬ್ಬಿಯ ಚಿತ್ರದೊಳಗೆ 12ಎಂ ಅಂತಿದ್ದರೆ ತೆರೆದ ಮೇಲೆ 12 ತಿಂಗಳು ಬಳಸಬಹುದು ಅಂತ. ಟ್ಯೂಬನ್ನು ಗಾಡಿಯ ಡಿಕ್ಕಿಯಲ್ಲಿ, ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಇಡಬೇಡಿ. ಕಾವಿಗೆ ಎಣ್ಣೆ, ನೀರು ಬೇರೆಯಾಗುತ್ತೆ. ಹಿಂಡಿದಾಗ ಮೊದಲು ತಿಳಿನೀರು ಬಂದು ಆಮೇಲೆ ಗಂಟು ಬಂದರೆ ಎಸೆದುಬಿಡಿ.

ಪ್ರಶ್ನೆ (ಉಡುಪಿ, 38 ವರ್ಷ):
ಎರಡನೇ ಹೆರಿಗೆ ನಂತರ ಎರಡೂ ಕೆನ್ನೆಗೆ ಬಂಗು ಬಂತು. ಮೆಡಿಕಲ್‌ನಲ್ಲಿ ಕೊಟ್ಟ ಕ್ರೀಮು ಹಚ್ಚಿದೆ, ತಿಂಗಳಲ್ಲಿ ತಿಳಿಯಾಯ್ತು. ಬಿಟ್ಟರೆ ಮತ್ತೆ ಬರುತ್ತೆ, ಹಾಗಾಗಿ ಒಂದೂವರೆ ವರ್ಷದಿಂದ ಹಚ್ತಾನೇ ಇದ್ದೀನಿ. ಈಗ ಮುಖ ಕೆಂಪಗೆ, ಬಿಸಿಲಿಗೆ ಹೋದರೆ ಉರಿ, ಸಣ್ಣ ಕೂದಲೂ ಬರ್ತಿದೆ. ಕ್ರೀಮಿನ ಮೇಲೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಮೊಮೆಟಸೋನ್ ಅಂತಿದೆ.

ಚರ್ಮವೈದ್ಯೆ:
ದಯವಿಟ್ಟು ಇದನ್ನು ಗಂಭೀರವಾಗಿ ತಗೊಳ್ಳಿ. ಮೊಮೆಟಸೋನ್ ಸ್ಟೀರಾಯ್ಡು. ಮೊದಲ ತಿಂಗಳು ಮುಖ ತಿಳಿಯಾದದ್ದರಲ್ಲಿ ಅದರ ಪಾಲೂ ಇದೆ. ತಿಂಗಳುಗಟ್ಟಲೆ ಹಚ್ಚಿದಾಗ ಚರ್ಮ ತೆಳುವಾಗಿ ರಕ್ತನಾಳ ಕಾಣಿಸುತ್ತೆ, ಉರಿ, ಮೊಡವೆ, ಕೂದಲು ಬರುತ್ತೆ, ಬಿಟ್ಟ ಕೂಡಲೇ ಮುಖ ಕೆರಳುತ್ತೆ. ಆ ಕೆರಳಿಕೆಗೆ ಹೆದರಿ ಮತ್ತೆ ಹಚ್ತೀರಿ, ಇದೇ ಬಲೆ. ಇಂಥ ಮೂರು ಔಷಧದ ಕ್ರೀಮು ವೈದ್ಯರ ಕಣ್ಗಾವಲಿನಲ್ಲಿ 8ರಿಂದ 12 ವಾರಕ್ಕೆ ಮಾತ್ರ ಇರೋದು. ಹೈಡ್ರೋಕ್ವಿನೋನ್ ವರ್ಷಗಟ್ಟಲೆ ಹಚ್ಚಿದರೆ ನೀಲಿಗಪ್ಪು ಕಲೆ ಬರಬಹುದು, ಅದು ಬಂಗಿಗಿಂತ ಹಠಮಾರಿ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಪಟ್ಟಿಗೆ ಸೇರಿಸಿತು. ಆದರೂ ಕೌಂಟರಿನಲ್ಲಿ ಕೇಳಿದರೆ ಸಿಗ್ತಾ ಇದೆ, ನನಗೆ ಇದು ತುಂಬಾ ನೋವಿನ ವಿಷಯ.

ಈ ವಾರವೇ ಚರ್ಮವೈದ್ಯರನ್ನು ಮುಖತಃ ಕಾಣಿ, ಕ್ರೀಮಿನ ಟ್ಯೂಬ್ ಜೊತೆಗಿರಲಿ. ನಿಲ್ಲಿಸಿದ ಮೇಲೆ ಕೆಲವು ವಾರ ಕೆಂಪು, ಉರಿ ಹೆಚ್ಚಾಗುತ್ತೆ. ಅದನ್ನು ತಡೆದುಕೊಳ್ಳೋಕೆ ಬೇಕಾದ ಔಷಧ ಇದೆ, ಒಬ್ಬರೇ ಒದ್ದಾಡಬೇಡಿ. ಅಲ್ಲಿವರೆಗೆ ತಣ್ಣೀರು, ಪರಿಮಳವಿಲ್ಲದ ಮಾಯಿಶ್ಚರೈಸರ್, ಜಿಂಕ್ ಆಕ್ಸೈಡಿನ ಸನ್‌ಸ್ಕ್ರೀನ್. ಫೇಶಿಯಲ್, ಬ್ಲೀಚ್, ಸ್ಕ್ರಬ್ ಯಾವುದೂ ಬೇಡ.

ಬಂಗಿನ ಬಗ್ಗೆ ಎಲ್ಲರೂ ತಿಳಿದಿರಬೇಕಾದ್ದು: ಇದಕ್ಕೆ ಯುವಿ ಒಂದೇ ಕಾರಣವಲ್ಲ, ಕಣ್ಣಿಗೆ ಕಾಣೋ ಬೆಳಕೂ ಬಂಗನ್ನು ಗಾಢ ಮಾಡುತ್ತೆ. ಬಿಳೀ ಸನ್‌ಸ್ಕ್ರೀನ್ ಆ ಬೆಳಕನ್ನು ಅಷ್ಟಾಗಿ ತಡೆಯಲ್ಲ. ಐರನ್ ಆಕ್ಸೈಡ್ ಇರೋ, ಮೈಬಣ್ಣದ ಟಿಂಟೆಡ್ ಸನ್‌ಸ್ಕ್ರೀನ್ ತಡೆಯುತ್ತೆ. ಕೊಳ್ಳುವಾಗ ಹಿಂದಿನ ಪಟ್ಟಿಯಲ್ಲಿ ಆ ಹೆಸರು ಇದೆಯಾ ನೋಡಿ. ಒಲೆಯ ಕಾವೂ ಕೆರಳಿಸುತ್ತೆ, ದೋಸೆ ಹಂಚಿನ ಮುಂದೆ ಬಾಗಿ ನಿಲ್ಲೋದು ತಪ್ಪಿಸಿ, ಎಕ್ಸಾಸ್ಟ್ ಫ್ಯಾನ್ ಹಾಕಿ. ಗರ್ಭನಿರೋಧಕ ಮಾತ್ರೆ ತಗೊಳ್ತಿದ್ದರೆ ವೈದ್ಯರಿಗೆ ಹೇಳಿ. ಮುಖ ಶಾಂತವಾದ ಮೇಲೆ ಅಜಿಲಾಯಿಕ್ ಆಸಿಡ್ ಶೇ. 15 ಅಥವಾ 20 ಒಳ್ಳೆಯದು, ಬಸುರಿಯರಿಗೂ ಕೊಡಬಹುದು. ಟ್ರೆಟಿನಾಯಿನ್, ಹೈಡ್ರೋಕ್ವಿನೋನ್ ಬಸುರಿಯರಿಗೆ ಕೂಡದು. ಮೂರರಿಂದ ಆರು ತಿಂಗಳ ತಾಳ್ಮೆ ಇರಲಿ. ಬಂಗು ಒಂದು ಬೇಸಿಗೆ ಎಚ್ಚರ ತಪ್ಪಿದರೆ ಮರಳಿ ಬರೋ ಸ್ವಭಾವದ್ದು.

ಫಾರ್ಮಸಿಸ್ಟ್:
ಜೊತೆಗೆ ಲೈಸೆನ್ಸ್ ನಂಬರ್, ತಯಾರಕರ ವಿಳಾಸ, ಪದಾರ್ಥಗಳ ಪಟ್ಟಿ ಇಲ್ಲದ ಬಿಳಿಯಾಗೋ ಕ್ರೀಮುಗಳನ್ನು ಮುಟ್ಟಲೇಬೇಡಿ. ಪಕ್ಕದ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ 2023ರಲ್ಲಿ ಇಂಥ ಕ್ರೀಮು ಹಚ್ಚಿದವರ ಮೂತ್ರಪಿಂಡಕ್ಕೇ ಕಾಯಿಲೆ ಬಂದದ್ದು ವರದಿಯಾಯ್ತು. ಅದರಲ್ಲಿದ್ದದ್ದು ಪಾದರಸ. ಮುಖ, ಕಾಲು ಊದಿಕೊಂಡರೆ, ಮೂತ್ರ ನೊರೆ ನೊರೆಯಾದರೆ ಕ್ರೀಮಿನ ಡಬ್ಬಿಯನ್ನೂ ವೈದ್ಯರಿಗೆ ತೋರಿಸಿ.

ಪ್ರಶ್ನೆ (ತುಮಕೂರು, 24 ವರ್ಷ):
ಅಜ್ಜಿ ಕಡಲೆ ಹಿಟ್ಟು, ಅರಿಶಿನ, ಮೊಸರು ಹಚ್ಚು ಅಂತಾರೆ. ನಾನು ನಿಂಬೆರಸ, ಸ್ವಲ್ಪ ಅಡುಗೆ ಸೋಡಾನೂ ಸೇರಿಸ್ತೀನಿ.

ಚರ್ಮವೈದ್ಯೆ:
ಅಜ್ಜಿ ಹೇಳಿದ್ದು ತಪ್ಪಿಲ್ಲ, ನೀವು ಸೇರಿಸಿದ ಎರಡು ತಪ್ಪು. ನಿಂಬೆರಸ ಕಟು ಆಮ್ಲ, ಅದು ಹತ್ತಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟಂತಾಗಿ ತಿಂಗಳುಗಟ್ಟಲೆ ಕಲೆ ಉಳಿಯಬಹುದು. ಸೋಡಾ ಕ್ಷಾರ, ಅದರ ವಿರುದ್ಧ ದಿಕ್ಕಿನ ಪೆಟ್ಟು. ಕಡಲೆ ಹಿಟ್ಟನ್ನು ಎರಡು ಸಲ ಜರಡಿ ಹಿಡಿದು, ಮೊಸರಿನಲ್ಲಿ ತೆಳ್ಳಗೆ ಕಲಸಿ, ವಾರಕ್ಕೊಂದು ಸಲ ಹಚ್ಚಿ. ಪೂರ್ತಿ ಒಣಗಿ ಬಿರಿಯೋವರೆಗೆ ಬಿಡಬೇಡಿ, ಹಸಿ ಇರುವಾಗಲೇ ನೀರು ಹಾಕಿ ಸಡಿಲಿಸಿ ತೊಳೆಯಿರಿ. ಒಣಗಿದ್ದನ್ನು ಉಜ್ಜಿ ಉದುರಿಸೋದ್ರಿಂದಲೇ ಕಪ್ಪಾಗೋರು ಎಷ್ಟೋ ಜನ. ಕೊಬ್ಬರಿ ಎಣ್ಣೆ ಕೈಕಾಲಿಗೆ ಚೆನ್ನ, ಮೊಡವೆ ಇರೋ ಮುಖಕ್ಕೆ ಬೇಡ, ಸನ್‌ಸ್ಕ್ರೀನ್ ಬದಲಿಗಂತೂ ಬೇಡವೇ ಬೇಡ.

ಪ್ರಶ್ನೆ (ಮೈಸೂರು, 27 ವರ್ಷ):
ವಿಟಮಿನ್ ಸಿ, ನಿಯಾಸಿನಮೈಡ್, ಗ್ಲೈಕೋಲಿಕ್ ಆಸಿಡ್, ರೆಟಿನಾಲ್ ಎಲ್ಲಾ ಒಟ್ಟಿಗೆ ಮುಖಕ್ಕೆ ಹಚ್ಚೋಕೆ ಶುರು ಮಾಡಿದೆ. ಮೂಗಿನ ಪಕ್ಕ ಸಿಪ್ಪೆ ಏಳ್ತಿದೆ.

ಚರ್ಮವೈದ್ಯೆ:
ನಾಲ್ಕನ್ನೂ ಮೂರು ವಾರ ನಿಲ್ಲಿಸಿ. ಸಾದಾ ಮಾಯಿಶ್ಚರೈಸರ್ ಹಚ್ಚಿದಾಗ ಚುರುಚುರು ಅಂದರೆ ಚರ್ಮದ ತಡೆಗೋಡೆ ಇನ್ನೂ ಕೂಡಿಲ್ಲ. ಚುರುಚುರು ಪೂರ್ತಿ ನಿಂತ ಮೇಲೆ ಬೆಳಿಗ್ಗೆ ನಿಯಾಸಿನಮೈಡ್ ಶೇ. 4–5 ಮಾತ್ರ ಶುರು ಮಾಡಿ. ತಿಂಗಳ ನಂತರ ರೆಟಿನಾಲ್, ಇಡೀ ಮುಖಕ್ಕೆ ಒಂದು ಬಟಾಣಿ ಕಾಳಿನಷ್ಟು, ವಾರಕ್ಕೆ ಎರಡೇ ರಾತ್ರಿ, ಮುಖ ಚೆನ್ನಾಗಿ ಒಣಗಿದ ಮೇಲೆ. ಮೂಗಿನ ಮೂಲೆ, ತುಟಿಯಂಚಿಗೆ ಮೊದಲೇ ಚೂರು ವ್ಯಾಸಲೀನ್ ಹಚ್ಚಿಕೊಂಡರೆ ಅಲ್ಲಿ ಸಿಪ್ಪೆ ಏಳಲ್ಲ. ಬಸುರಿಯಾಗೋ ಯೋಚನೆ ಇದ್ದರೆ ರೆಟಿನಾಲ್ ಬೇಡ. ವಿಟಮಿನ್ ಸಿ ಬೇಕೇ ಬೇಕು ಅಂತಿಲ್ಲ, ಬಾಟಲಿಯೊಳಗೆ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದರೆ ಅದು ಕೆಟ್ಟಿದೆ. ಗ್ಲೈಕೋಲಿಕ್ ಸದ್ಯ ಮರೆತುಬಿಡಿ.

ಪ್ರಶ್ನೆ (ಹುಬ್ಬಳ್ಳಿ, 41 ವರ್ಷ):
ಡಾಕ್ಟರ್, ಕತ್ತಿನ ಹಿಂದೆ ಕಪ್ಪು ದಪ್ಪಗೆ ಆಗೇತಿ. ಎಷ್ಟು ತಿಕ್ಕಿದ್ರೂ ಹೋಗವಲ್ದು.

ಚರ್ಮವೈದ್ಯೆ:
ತಿಕ್ಕೋದು ಇವತ್ತೇ ನಿಲ್ಲಿಸಿ, ಅದು ಕೊಳೆಯಲ್ಲ. ಮಖಮಲ್ಲಿನ ಹಾಗೆ ದಪ್ಪಗಾಗಿ, ಕಂಕುಳಲ್ಲೂ ಇದ್ದರೆ ದೇಹದಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ನೋ ಸೂಚನೆ. ಖಾಲಿ ಹೊಟ್ಟೆಯ ಶುಗರ್, ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ಎಚ್‌ಬಿಎ1ಸಿ ಪರೀಕ್ಷೆ ಮಾಡಿಸಿ. ತೂಕ ಹೆಚ್ಚಿದ್ದು ಅದು ಇಳಿದರೆ ಕತ್ತೂ ತಿಳಿಯಾಗುತ್ತಾ ಬರುತ್ತೆ.

ಪ್ರಶ್ನೆ (ಕೊಪ್ಪಳ, 45 ವರ್ಷ):
ನಾವು ದಿನಪೂರ್ತಿ ಹೊಲದಾಗ ಇರ್ತೀವಿ. ಎರಡು ತಾಸಿಗೊಮ್ಮೆ ಹಚ್ಚೋದು ನಮಗ ಆಗೂದಿಲ್ಲ, ರೊಕ್ಕಾನೂ ಸಾಲೂದಿಲ್ಲ. ಏನ್ ಮಾಡೂದ್ರಿ?

ಚರ್ಮವೈದ್ಯೆ:
ನಿಮಗೆ ಬಟ್ಟೆಯೇ ಮೊದಲ ಸನ್‌ಸ್ಕ್ರೀನ್. ಒತ್ತಾಗಿ ನೇಯ್ದ, ಗಾಢ ಬಣ್ಣದ ತುಂಬುತೋಳಿನ ಅಂಗಿ ಹಾಕಿ. ಬಟ್ಟೆಯನ್ನು ಬೆಳಕಿಗೆ ಹಿಡಿದಾಗ ಆಚೆ ಬದಿ ಕಂಡರೆ ಯುವಿಯೂ ದಾಟುತ್ತೆ. ಹಳೇ ತೆಳ್ಳನೆ ಬಿಳಿ ಅಂಗಿ ಒದ್ದೆಯಾದಾಗ ಇನ್ನೂ ಕಡಿಮೆ ತಡೆಯುತ್ತೆ. ತಲೆಗೆ ಟವೆಲ್ ಸುತ್ತಿದರೆ ಕಿವಿ, ಕತ್ತು ಮುಚ್ಚುವ ಹಾಗೆ ಇಳಿಬಿಡಿ, ಸುತ್ತಲೂ ಅಂಚಿರೋ ಟೊಪ್ಪಿಗೆ ಸಿಕ್ಕರೆ ಇನ್ನೂ ಒಳ್ಳೆಯದು. ಸಾಧ್ಯವಾದ ಕೆಲಸವನ್ನು ಹತ್ತು ಗಂಟೆಯೊಳಗೆ ಮುಗಿಸಿ. ಸನ್‌ಸ್ಕ್ರೀನ್ ಮೂಗು, ಕೆನ್ನೆ, ತುಟಿಯ ಮೇಲ್ಭಾಗ, ಮುಂಗೈಗೆ ಸಾಕು. ಬೆಳಿಗ್ಗೆ ಒಮ್ಮೆ, ಬುತ್ತಿ ಉಂಡ ಮೇಲೆ ಮುಖ ತೊಳೆದು ಒರೆಸಿ ಇನ್ನೊಮ್ಮೆ. ಇಷ್ಟೇ ಜಾಗಕ್ಕಾದರೆ ಟ್ಯೂಬು ಹೆಚ್ಚು ದಿನ ಬರುತ್ತೆ.

ಮುಖದ ಮೇಲೆ ಮಾಯದ ಹುಣ್ಣು, ದಿನೇ ದಿನೇ ದೊಡ್ಡದಾಗೋ ಮಚ್ಚೆ, ಮುಟ್ಟಿದರೆ ರಕ್ತ ಬರೋ ಗಂಟು ಕಂಡರೆ ಕ್ರೀಮಿಗಾಗಿ ಅಂಗಡಿಗೆ ಹೋಗಬೇಡಿ, ಜಿಲ್ಲಾಸ್ಪತ್ರೆಯ ಚರ್ಮ ವಿಭಾಗಕ್ಕೆ ಬನ್ನಿ.

ಪ್ರಶ್ನೆ (ದಾವಣಗೆರೆಯ ಅದೇ ಸದಸ್ಯೆ):
ಎರಡು ಬೆರಳಿನಷ್ಟು ಇವತ್ತು ಹಚ್ಚಿ ನೋಡಿದೆ ಮೇಡಂ. ಬೆವರಿನ ಜೊತೆ ಕಣ್ಣಿಗಿಳಿದು ಉರಿ, ಗಲ್ಲದ ಹತ್ತಿರ ಉಂಡೆ ಉಂಡೆಯಾಗಿ ಎದ್ದು ಬಂತು.

ಚರ್ಮವೈದ್ಯೆ:
ಉಂಡೆ ಏಳೋದು ಕೆಳಗಿನ ಮಾಯಿಶ್ಚರೈಸರ್ ಇಂಗೋದಕ್ಕೆ ಮೊದಲೇ ಹಚ್ಚಿ ತಿಕ್ಕಿದ್ದಕ್ಕೆ. ಮಾಯಿಶ್ಚರೈಸರ್ ಅರ್ಧ ಮಾಡಿ, ಐದು ನಿಮಿಷ ಬಿಡಿ, ಆಮೇಲೆ ತಟ್ಟಿ ತಟ್ಟಿ ಹಚ್ಚಿ. ಹುಬ್ಬಿನ ಮೇಲೆ ಒಂದು ಬೆರಳಗಲ, ಕಣ್ಣಿನ ಸುತ್ತ ಈ ಕ್ರೀಮು ಬೇಡ, ಅಷ್ಟು ಜಾಗಕ್ಕೆ ಜಿಂಕ್ ಆಕ್ಸೈಡಿನ ಸ್ಟಿಕ್ ಬಳಸಿ. ಅದು ಗಟ್ಟಿಯಾಗಿರೋದ್ರಿಂದ ಅಷ್ಟಾಗಿ ಹರಿಯಲ್ಲ, ಉರಿಯೂ ಕಡಿಮೆ.