ಕೋಪೆಪಾಡ್‌ಗೆ ಕನ್ನಡದಲ್ಲಿ ಏನನ್ನೋಣ?

ಕಾಫಿ ತೋಟದ ಕೆರೆಯಲ್ಲಿ ಮೀನು ಸಾಕುವವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಕೆರೆ ನೀರಲ್ಲಿ ಓಡಾಡುವ, ಮೀನಿಗೆ ಮೇವಾಗುವ ಪುಟ್ಟ ಜೀವಿ ಕೋಪೆಪಾಡ್‌ಗೆ ಯಾವ ಪದ ಹಾಕಲಿ? ಸೋಮವಾರಪೇಟೆ ಕಡೆ ವಿಚಾರಿಸಿದರೆ "ನೀರಿನ ಹುಳ" ಅಂತಾರೆ, ಮುಗೀತು. "ನೀರುಚಿಗಟ ಅಂತ ಬರೆದುಬಿಡಿ" ಅಂದರು ಒಬ್ಬರು. ಆದರೆ ನೀರುಚಿಗಟ ಅಂದರೆ ಡಾಫ್ನಿಯಾ ಅನ್ನುವ ಇನ್ನೊಂದು ಪುಟ್ಟ ಜೀವಿ ಅಲ್ವಾ?

ಗಾಜಿನ ಲೋಟದಲ್ಲಿ ಕೆರೆ ನೀರು ತುಂಬಿ ಬಿಸಿಲಿಗೆ ಹಿಡಿಯಿರಿ. ಕುಪ್ಪಳಿಸಿ ಮೇಲೇರಿ, ಮತ್ತೆ ಮೆಲ್ಲಗೆ ಕೆಳಗಿಳಿಯುವುದು ಡಾಫ್ನಿಯಾ. ಸುಮ್ನೆ ನಿಂತಿದ್ದು ಫಕ್ಕನೆ ಚಿಮ್ಮಿ ಇನ್ನೊಂದು ಕಡೆ ಕಾಣಿಸುವ, ಒಂದೆರಡು ಮಿಲಿಮೀಟರ್ ಕೂಡ ದಾಟದ ಬಿಳಿ ಚುಕ್ಕೆ ಕೋಪೆಪಾಡ್. ಅದರಲ್ಲೇ ಒಂದು ಬಗೆಯಾದ ಸೈಕ್ಲಾಪ್ಸ್ ಹೆಣ್ಣಾದರೆ ಬಾಲದ ಎರಡೂ ಪಕ್ಕ ಮೊಟ್ಟೆಚೀಲ ಜೋತಿರುತ್ತದೆ. ಡಾಫ್ನಿಯಾ, ಕೋಪೆಪಾಡ್ ಎರಡೂ ಸಿಗಡಿ, ಏಡಿಗಳ ನೆಂಟರು. ಹಾಗಾಗಿ ಹುಳ ಅನ್ನುವುದೂ ಅಷ್ಟು ಸರಿಯಲ್ಲ.

ಎರಡನ್ನೂ ಒಂದೇ ಹೆಸರಲ್ಲಿ ಕಟ್ಟಿದರೆ ಸಾಕುವವನಿಗೇ ನಷ್ಟ. ಕಾಟ್ಲಾ ಮೀನಿಗೆ ಎರಡೂ ಒಳ್ಳೆ ಮೇವು, ನಿಜ. ಸಮುದ್ರ ಮೀನಿನ ಹ್ಯಾಚರಿಯಲ್ಲಂತೂ ಕೋಪೆಪಾಡ್ ಮರಿಗೆ, ಅಂದರೆ ನಾಪ್ಲಿಯಸ್‌ಗೆ, ಬಹಳ ಬೆಲೆ. ಮರಿಗಳಿಗೆ ಮೇವಾಗಿ ಕೊಡುವ ಉಪ್ಪುನೀರಿನ ಪುಟ್ಟ ಸಿಗಡಿ ಆರ್ಟೀಮಿಯಾ ಆದರೆ ಅದಕ್ಕೆ ಮೊದಲು ಒಮೆಗಾ-3 ಕೊಬ್ಬು ತಿನ್ನಿಸಿ ಆಮೇಲೆ ಮೀನುಮರಿಗೆ ಕೊಡಬೇಕು, ಕೋಪೆಪಾಡ್ ಮೈಯಲ್ಲಿ ಡಿಎಚ್ಎ ಅನ್ನುವ ಒಮೆಗಾ-3 ಕೊಬ್ಬು ಮೊದಲೇ ಜಾಸ್ತಿ ಇರುತ್ತದೆ. ಆದರೆ ನರ್ಸರಿ ಕೊಳಕ್ಕೆ ಆಗತಾನೆ ಬಿಟ್ಟ ಗೆಂಡೆ ಮೀನಿನ ಸ್ಪಾನ್, ಅಂದರೆ ಎಳೆಮರಿಗಳ ಮೇಲೆ ದೊಡ್ಡ ಸೈಕ್ಲಾಪ್ಸ್‌ಗಳೇ ಎರಗಿ ಕೊಲ್ಲುತ್ತವೆ. ಮೀನಿನ ಮೈಯೊಳಗೆ ತಲೆ ಹೂತು ದಾರದ ಹಾಗೆ ಹೊರಗೆ ನೇತಾಡುವ ಲೆರ್ನಿಯಾ ಕೂಡ ಕೋಪೆಪಾಡೇ. ಹಳಬರು ಕಂಡಿದ್ದ ನಾರುಹುಣ್ಣು ಹರಡುತ್ತಿದ್ದದ್ದೂ ಸೈಕ್ಲಾಪ್ಸ್ ಇರುವ ನೀರು ಕುಡಿದೇ. ಭಾರತ ಅದರಿಂದ ಮುಕ್ತ ಅಂತ ಘೋಷಣೆಯಾದದ್ದು 2000ದಲ್ಲಿ.

ಇನ್ನು ಪದ. ಗ್ರೀಕಿನಲ್ಲಿ ಕೋಪೆ ಅಂದರೆ ದೋಣಿಯ ಹುಟ್ಟು, ಪಾಡ್ ಅಂದರೆ ಕಾಲು. ದುಬಾರೆಯಲ್ಲಿ ಹೊಳೆ ದಾಟಿದವರಿಗೆ ಹುಟ್ಟು ಏನೆಂದು ಹೇಳಬೇಕಿಲ್ಲ. ಆದರೆ "ಹುಟ್ಟುಗಾಲಿ" ಅಂದರೆ ಗಾಡಿಯ ಗಾಲಿ ನೆನಪಾಗುತ್ತದೆ, "ಹುಟ್ಟುಗಾಲು" ಅಂದರೆ ಹುಟ್ಟಿನಿಂದ ಬಂದ ಕಾಲು! ಸಂಸ್ಕೃತದಲ್ಲಿ "ಅರಿತ್ರಪಾದಿ" ಅಂತ ಹಾಕಿದರೆ ಕರಪತ್ರವನ್ನು ಬೋಂಡಾ ಕಟ್ಟಲು ಬಳಸುತ್ತಾರೆ. ಸದ್ಯಕ್ಕೆ ನನ್ನ ಒಲವು "ಹುಟ್ಟುಗಾಲ ಸಿಗಡಿ" ಕಡೆಗೆ. ಮೊದಲ ಸಲ ಮಾತ್ರ ಹಾಗೆ ವಿವರಿಸಿ, ಮುಂದೆ ಕೋಪೆಪಾಡ್ ಅಂತಲೇ ಬರೆದರೆ ಹೇಗೆ?

ಕೊಡವ ತಕ್ಕ್, ಅರೆಭಾಷೆಯಲ್ಲಿ ಗದ್ದೆ ನೀರಿನ ಈ ಚುಕ್ಕೆಗೆ ಬೇರೆ ಹೆಸರಿದೆಯಾ? ಹಾರಂಗಿ ಕಡೆ ಮರಿ ಸಾಕುವವರು ಬಾಯಲ್ಲಿ ಏನಂತಾರೆ? ಬೇಗ ತಿಳಿಸಿ, ಮಳೆಗಾಲದಲ್ಲಿ ಮರಿ ಬಿಡುವ ಮೊದಲು ಅಚ್ಚಾಗಬೇಕು.