ಪೈಥಾನ್ ಸ್ಕ್ರಿಪ್ಟ್ ಓಡಿಸುವ ಮೊದಲೇ ತಪ್ಪು ಹಿಡಿಯುವುದು ಹೇಗೆ? ಹಾಲಿನ ಬಟವಾಡೆ ತಪ್ಪಾಗಿದೆ

ಹಾಲುಲೆಕ್ಕ (ಮಂಡ್ಯ)

ಎಲ್ಲರಿಗೂ ನಮಸ್ಕಾರ. ನನ್ನ ಊರು ಮದ್ದೂರಿನ ಹತ್ತಿರ, ಕೆಲಸ ಮಂಡ್ಯದಲ್ಲಿ. ಊರಿನ ಹಾಲಿನ ಡೈರಿಗೆ ಒಂದು ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೇನೆ. ಎರಡೂ ಹೊತ್ತು ಯಾರು ಎಷ್ಟು ಲೀಟರ್ ಹಾಕಿದರು, ಫ್ಯಾಟ್ ಎಷ್ಟು ಬಂತು ಅನ್ನುವುದೆಲ್ಲ ಒಂದು ಸಿಎಸ್‌ವಿ ಫೈಲಿನಲ್ಲಿ ಇರುತ್ತದೆ. 15 ದಿನಕ್ಕೊಮ್ಮೆ ಸ್ಕ್ರಿಪ್ಟ್ ಅದನ್ನು ಓದಿ, ಬಟವಾಡೆ ಲೆಕ್ಕ ಹಾಕಿ, ಮನೆಗೊಂದು ಚೀಟಿ ಕೊಡುತ್ತದೆ.

4 ತಿಂಗಳು ಏನೂ ತೊಂದರೆ ಇರಲಿಲ್ಲ. ಹೋದ ಬಟವಾಡೆಯಲ್ಲಿ 3 ಮನೆಯವರ ಚೀಟಿಯಲ್ಲಿ ಸೊನ್ನೆ ಬಂತು. ಸ್ಕ್ರಿಪ್ಟ್ ನಿಲ್ಲಲಿಲ್ಲ, ಎರರ್ ಕೂಡ ತೋರಿಸಲಿಲ್ಲ. ಒಂದೇ ಹಸು ಇಟ್ಟುಕೊಂಡಿರುವ ಅಜ್ಜಿಯೊಬ್ಬರು ಚೀಟಿ ಹಿಡಿದು ಮನೆ ಬಾಗಿಲಿಗೇ ಬಂದು "ನಾನು ಹಾಕಿದ ಹಾಲು ಎಲ್ಲಿ ಹೋಯ್ತಪ್ಪಾ" ಅಂದರು. ನನಗೆ ಉತ್ತರ ಕೊಡೋಕೆ ಆಗಲಿಲ್ಲ.

ರಾತ್ರಿ ಕೂತು ಹುಡುಕಿದೆ. 15 ದಿನವೂ ಒಂದೇ ಹೊತ್ತು ಹಾಲು ಹಾಕಿದವರಿಗೆ ಬೇರೆ ಲೆಕ್ಕ, ಅದು ಎಲ್ಸ್ (ಇಲ್ಲದಿದ್ದರೆ) ಭಾಗದಲ್ಲಿದೆ. ಅಲ್ಲಿ ಒಟ್ಟು_ಲೀಟರ್ ಅಂತ ಇರಬೇಕಾದ ಕಡೆ ಬೆರಳು ತಪ್ಪಿ ಒಟು_ಲೀಟರ್ ಅಂತ ಹೊಡೆದಿದ್ದೇನೆ. (ಪೈಥಾನ್ 3ರಲ್ಲಿ ಕನ್ನಡ ಅಕ್ಷರದಲ್ಲೇ ಹೆಸರಿಡಬಹುದು, ನಾನು ಹಾಗೇ ಇಡುತ್ತೇನೆ.) ಇಷ್ಟು ದಿನ ಇಡೀ ಬಟವಾಡೆ ಒಂದೇ ಹೊತ್ತು ಹಾಕಿದವರು ಯಾರೂ ಇರಲಿಲ್ಲ, ಈ ಸಲ ಬತ್ತಿಸುತ್ತಿರುವ ಹಸುಗಳು ಇದ್ದವು. ಒಬ್ಬರ ಲೆಕ್ಕ ಕೆಟ್ಟರೂ ಉಳಿದವರ ಚೀಟಿ ನಿಲ್ಲಬಾರದು ಅಂತ ಸುತ್ತ ಟ್ರೈ, ಎಕ್ಸೆಪ್ಟ್, ಪಾಸ್ (ತಪ್ಪು ಬಂದರೆ ಸುಮ್ಮನೆ ಮುಂದೆ ಹೋಗು) ಬೇರೆ ಹಾಕಿದ್ದೆ.

ಕಾಲೇಜಿನಲ್ಲಿ ಸಿ ಬರೆಯುವಾಗ ಇಂಥ ತಪ್ಪನ್ನು ಕಂಪೈಲರೇ ಹಿಡಿಯುತ್ತಿತ್ತು. ಪೈಥಾನ್‌ಗೆ ಹಾಗೆ ಮೊದಲೇ ಹೇಳುವ ಟೂಲ್ ಏನಾದರೂ ಇದೆಯಾ? ರಾತ್ರಿ ಬ್ಯಾಕಪ್ ತೆಗೆಯುವ ಒಂದು ಶೆಲ್ ಸ್ಕ್ರಿಪ್ಟ್ (ಕಮಾಂಡ್‌ಗಳನ್ನು ಸಾಲಾಗಿ ಬರೆದ ಫೈಲ್) ಕೂಡ ಇದೆ, ಈಗ ಅದರ ಮೇಲೂ ನಂಬಿಕೆ ಹೋಗಿದೆ.

ಒಂಟಿಕೊಪ್ಪಲು (ಮೈಸೂರು)

ಇದೆ, ಅದೂ ಪುಕ್ಕಟೆ. ಮೊದಲು ಪೈಥಾನ್ ಯಾಕೆ ಹೇಳಲಿಲ್ಲ ಅನ್ನೋದು ಗೊತ್ತಾಗಲಿ. ಓಡಿಸಿದ ತಕ್ಷಣ ಪೈಥಾನ್ ಇಡೀ ಫೈಲ್ ಓದುತ್ತದೆ, ಆದರೆ ಆಗ ನೋಡುವುದು ವಾಕ್ಯರಚನೆ ಮಾತ್ರ: ಕೋಲನ್ ಬಿಟ್ಟಿದೆಯಾ, ಬ್ರಾಕೆಟ್ ಮುಚ್ಚಿದೆಯಾ, ಇಷ್ಟೇ. ಒಂದು ಹೆಸರು ನಿಜವಾಗಿ ಇದೆಯಾ ಅಂತ ಹುಡುಕುವುದು ಆ ಸಾಲು ಓಡುವಾಗ. ನಿಮ್ಮ ಎಲ್ಸ್ ಭಾಗ 4 ತಿಂಗಳು ಓಡಲೇ ಇಲ್ಲ, ಹಾಗಾಗಿ ತಪ್ಪೂ ಹಾಗೇ ಕೂತಿತ್ತು. ಓಡಿದ ದಿನ ಪೈಥಾನ್ 'ನೇಮ್‌ಎರರ್' ಅಂತ ಕೂಗಿದೆ, ಕೂಗಿದ್ದನ್ನು ನಿಮ್ಮ ಎಕ್ಸೆಪ್ಟ್ ನುಂಗಿದೆ. ಬರೀ ಎಕ್ಸೆಪ್ಟ್ ಅಂತ ಬರೆದರೆ ಡೇಟಾದ ತಪ್ಪನ್ನಷ್ಟೇ ಅಲ್ಲ, ನಿಮ್ಮ ಟೈಪಿಂಗ್ ತಪ್ಪನ್ನೂ ಅದು ಮುಚ್ಚಿಹಾಕುತ್ತದೆ.

ಇದಕ್ಕೆ ಲಿಂಟರ್ ಅಂತಾರೆ. 1978ರಲ್ಲಿ ಬೆಲ್ ಲ್ಯಾಬ್ಸ್‌ನ ಸ್ಟೀಫನ್ ಜಾನ್ಸನ್ ಸಿ ಭಾಷೆಗೆ 'ಲಿಂಟ್' ಅನ್ನುವ ಟೂಲ್ ಬರೆದರು. ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಚೂರುಗಳಿಗೆ ಲಿಂಟ್ ಅಂತಾರಲ್ವಾ, ಅದೇ ಹೆಸರು. ಲಿಂಟರ್ ನಿಮ್ಮ ಕೋಡನ್ನು ಓಡಿಸುವುದಿಲ್ಲ, ಓದುತ್ತದೆ ಅಷ್ಟೇ. ಅದಕ್ಕೇ 4 ತಿಂಗಳು ಓಡದ ಎಲ್ಸ್ ಭಾಗವೂ ಅದರ ಕಣ್ಣಿಗೆ ಬೀಳುತ್ತದೆ.

ಪೈಥಾನ್‌ಗೆ ಪೈಫ್ಲೇಕ್ಸ್, ಫ್ಲೇಕ್8, ಪೈಲಿಂಟ್, ರಫ್ ಇವೆ. ನಾನು ಬಳಸುವುದು ರಫ್. ರಸ್ಟ್ ಭಾಷೆಯಲ್ಲಿ ಬರೆದದ್ದು, ಎಂಟರ್ ಒತ್ತಿ ಕೈ ತೆಗೆಯುವಷ್ಟರಲ್ಲಿ ಉತ್ತರ ಬಂದಿರುತ್ತದೆ. ಪೈಥಾನ್ ಟೂಲ್ ಹಾಕಿಕೊಳ್ಳುವ ಪಿಪ್ ಕಮಾಂಡ್‌ನಲ್ಲಿ ಹಾಕಿಕೊಂಡು 'ರಫ್ ಚೆಕ್' ಕೊಟ್ಟು ನೋಡಿ. ನಿಮ್ಮ ಒಟು_ಲೀಟರ್‌ಗೆ ಎಫ್821, ಅಂದರೆ ಹೀಗೊಂದು ಹೆಸರೇ ಇಲ್ಲ ಅಂತ ಹೇಳುತ್ತದೆ. ಆ ಬರೀ ಎಕ್ಸೆಪ್ಟ್‌ಗೆ ಇ722 ಬರುತ್ತದೆ. ಎರಡೂ ಬಂದೇ ಬರುತ್ತವೆ.

ಕೋಡನ್ನು ಫಂಕ್ಷನ್ ಒಳಗೆ ಬರೆಯಿರಿ. ಬೆಲೆ ಕೊಟ್ಟು ಮುಂದೆ ಎಲ್ಲೂ ಬಳಸದ ಹೆಸರನ್ನು ರಫ್ ಎಫ್841 ಅಂತ ತೋರಿಸುತ್ತದೆ, ಆದರೆ ಫಂಕ್ಷನ್ ಒಳಗಿದ್ದರೆ ಮಾತ್ರ. ಹೊರಗಿದ್ದರೆ ಬೇರೆ ಫೈಲ್ ಯಾವುದಾದರೂ ಬಳಸುತ್ತಿರಬಹುದು ಅಂತ ಸುಮ್ನಿರುತ್ತದೆ.

ಕುಕ್ಕರಹಳ್ಳಿ ಕೆರೆ ಏರಿ

ಬ್ಯಾಕಪ್ ಸ್ಕ್ರಿಪ್ಟನ್ನು ಇವತ್ತೇ ನೋಡಿ, ದಯವಿಟ್ಟು. ನನಗೆ ಆದದ್ದು ಹೇಳುತ್ತೇನೆ. ಪೆನ್‌ಡ್ರೈವಿನ ಫೋಲ್ಡರಿಗೆ ಹೋಗು, ಅಲ್ಲಿರುವ ಹಳೇ ಸಿಎಸ್‌ವಿಗಳನ್ನೆಲ್ಲ ಅಳಿಸು, ಹೊಸದನ್ನು ಕಾಪಿ ಮಾಡು ಅಂತ 3 ಸಾಲು ಬರೆದಿದ್ದೆ. ಒಂದು ದಿನ ಪೆನ್‌ಡ್ರೈವ್ ಚುಚ್ಚಿರಲಿಲ್ಲ. ಮೊದಲ ಸಾಲಿನ ಸಿಡಿ ಕಮಾಂಡ್ ಸೋತಿತು, ಆದರೆ ಶೆಲ್ ಅಷ್ಟಕ್ಕೆ ನಿಲ್ಲುವುದಿಲ್ಲ, ಮುಂದಿನ ಸಾಲಿಗೆ ಹೋಗುತ್ತದೆ, ಹಾಗಾಗಿ ನಿಂತಿದ್ದ ಜಾಗದಲ್ಲೇ ಇದ್ದ ಅಸಲಿ ಸಿಎಸ್‌ವಿಗಳನ್ನು ಅಳಿಸಿಬಿಟ್ಟಿತು. ಅಂಗಡಿಯ 2 ವರ್ಷದ ಲೆಕ್ಕ. ಚೀಟಿ ಚೀಟಿ ನೋಡಿ ಮತ್ತೆ ಟೈಪ್ ಮಾಡಿದೆವು, ನಾನು ಮತ್ತು ನನ್ನ ತಂಗಿ, ಒಂದು ಇಡೀ ದಸರಾ ರಜೆ.

ಶೆಲ್‌ಗೆ 'ಶೆಲ್‌ಚೆಕ್' ಇದೆ. ಉಬುಂಟುವಿನಲ್ಲಿ ಎಪಿಟಿಯಿಂದಲೇ ಸಿಗುತ್ತದೆ. ಸಿಡಿ ಆದಮೇಲೆ 'ಆಗದಿದ್ದರೆ ಇಲ್ಲೇ ನಿಲ್ಲು' ಅಂತ ಬರೆದಿಲ್ಲ ಅಂದರೆ ಎಸ್‌ಸಿ2164 ಕೊಡುತ್ತದೆ. ಅದೊಂದು ಎಚ್ಚರಿಕೆ ನನಗೆ ಮೊದಲೇ ಸಿಕ್ಕಿದ್ದರೆ ಸಾಕಿತ್ತು. ವೇರಿಯಬಲ್ ಸುತ್ತ ಡಬಲ್ ಕೋಟ್ ಇಲ್ಲದಿದ್ದರೆ ಎಸ್‌ಸಿ2086 ಬರುತ್ತದೆ, ಇದು ಎಲ್ಲರಿಗೂ ಬರುತ್ತದೆ. ಫೋಲ್ಡರ್ ಹೆಸರು 'ಹಾಲಿನ ಲೆಕ್ಕ' ಅಂತ ಇದ್ದರೆ ಕೋಟ್ ಇಲ್ಲದ ಶೆಲ್ ಅದನ್ನು 'ಹಾಲಿನ' ಒಂದು, 'ಲೆಕ್ಕ' ಒಂದು ಅಂತ 2 ಹೆಸರಾಗಿ ಒಡೆಯುತ್ತದೆ. ಬ್ಯಾಶ್‌ಗೆ -ಎನ್ ಕೊಟ್ಟು ಪರೀಕ್ಷಿಸಿದರೆ ಇವೆರಡೂ ಸಿಗುವುದಿಲ್ಲ, ಅದು ವಾಕ್ಯರಚನೆಯನ್ನಷ್ಟೇ ನೋಡುತ್ತದೆ.

ಕೀಬೋರ್ಡ್ ಶ್ರೀರಂಗಪಟ್ಟಣ

ನಾನು ಹೋದ ವರ್ಷ ಪೈಲಿಂಟ್ ಹಾಕಿ ನೋಡಿದ್ದೆ. ಸಣ್ಣ ಫೈಲಿಗೇ ಪರದೆ ತುಂಬ ಎಚ್ಚರಿಕೆ. ಕನ್ನಡದಲ್ಲಿ ಇಟ್ಟ ಒಂದೊಂದು ಹೆಸರಿಗೂ ಒಂದೊಂದು. ಯಾವುದು ನಿಜವಾದ ತಪ್ಪು, ಯಾವುದು ಅದರ ಇಷ್ಟಾನಿಷ್ಟ ಅಂತ ತಿಳಿಯದೆ ಕೈಬಿಟ್ಟೆ. ಎಲ್ಲರಿಗೂ ಹಾಗೇನಾ?

ಒಂಟಿಕೊಪ್ಪಲು (ಮೈಸೂರು)

ಹಾಗೇ, ತುಂಬಾ ಜನ ಅಲ್ಲೇ ಬಿಡುತ್ತಾರೆ. ಕನ್ನಡದ ಹೆಸರಿಗೆ ಬಂದದ್ದು ಸಿ2401, ಇಂಗ್ಲಿಷ್ ಅಕ್ಷರದಲ್ಲಿ ಇಲ್ಲ ಅನ್ನುವ ತಕರಾರು. ಕೋಡಿಗೆ ಅದರಿಂದ ಏನೂ ಆಗುವುದಿಲ್ಲ, ಸೆಟ್ಟಿಂಗ್ಸ್ ಫೈಲಿನಲ್ಲಿ ಅದನ್ನು ಆಫ್ ಮಾಡಿ. ಫಂಕ್ಷನ್‌ಗೆ ವಿವರಣೆ ಬರೆದಿಲ್ಲ ಅನ್ನುವ ಸಿ0116 ಕೂಡ ಸದ್ಯಕ್ಕೆ ಬೇಡ. ಪೈಲಿಂಟ್‌ನಲ್ಲಿ ಇ ಅಕ್ಷರದಿಂದ ಶುರುವಾಗುವವು ತಪ್ಪುಗಳು, ಡಬ್ಲ್ಯೂ ಎಚ್ಚರಿಕೆಗಳು, ಸಿ ಬರೀ ಬರವಣಿಗೆಯ ಶಿಸ್ತು. ಇ ಮಾತ್ರ ಇಟ್ಟುಕೊಂಡು ಸೊನ್ನೆಗೆ ತನ್ನಿ. ಆಮೇಲೆ ಡಬ್ಲ್ಯೂ. 300 ಎಚ್ಚರಿಕೆ ಇದ್ದರೆ ಯಾರೂ ಓದುವುದಿಲ್ಲ, ಸೊನ್ನೆ ಇದ್ದ ಕಡೆ ಒಂದು ಬಂದರೆ ತಕ್ಷಣ ಕಣ್ಣಿಗೆ ಬೀಳುತ್ತದೆ.

ಲಿಂಟರ್‌ಗೆ ಕಾಣದ್ದೂ ಇದೆ. ಕೋಟ್ ಒಳಗಿನ ಅಕ್ಷರ ಅದಕ್ಕೆ ಬರೀ ಅಕ್ಷರ. ಸಾಲು['ಫ್ಯಾಟ್'] ಬದಲು ಸಾಲು['ಫಾಟ್'] ಅಂತ ಬರೆದರೆ ಅದು ಏನೂ ಹೇಳುವುದಿಲ್ಲ. ಕನ್ನಡದಲ್ಲಿ ಇನ್ನೊಂದು ಕಷ್ಟ ಇದೆ. 'ಲೀಟರ್' ಬರೆದು ಕೊನೆಗೆ ಕಣ್ಣಿಗೆ ಕಾಣದ ಆ ಶೂನ್ಯ ಅಗಲದ ಜೋಡಿಸದ ಅಕ್ಷರ ಸೇರಿಕೊಂಡರೆ, ಅರ್ಧಾಕ್ಷರ ನಿಲ್ಲಿಸೋಕೆ ಹೊಡೆಯುತ್ತೇವಲ್ಲ ಅದು, ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ, ಪೈಥಾನ್‌ಗೆ ಬೇರೆ ಬೇರೆ. ವೇರಿಯಬಲ್ ಹೆಸರಿನಲ್ಲಿ ಬಂದರೆ ಪೈಥಾನ್ ತಕ್ಷಣ ಬೇಡ ಅನ್ನುತ್ತದೆ. ಕೋಟ್ ಒಳಗೆ ಬಂದರೆ ಗೊತ್ತೇ ಆಗುವುದಿಲ್ಲ.

ನಾನು ಮಾಡುವುದು ಹೀಗೆ. ಕಾಲಂ ಹೆಸರುಗಳನ್ನು ಫೈಲಿನ ಮೇಲ್ಗಡೆ ಒಂದೇ ಸಲ ಬರೆದು, ಒಂದೊಂದಕ್ಕೂ ಒಂದು ವೇರಿಯಬಲ್ ಇಟ್ಟು, ಕೆಳಗೆ ಎಲ್ಲ ಕಡೆ ಆ ವೇರಿಯಬಲ್ಲನ್ನೇ ಬಳಸುತ್ತೇನೆ. ಆಗ ಕೆಳಗೆ ತಪ್ಪು ಬರೆದರೆ ಇಲ್ಲದ ಹೆಸರಾಗುತ್ತದೆ, ಎಫ್821 ಹಿಡಿಯುತ್ತದೆ.

ಹಾಲುಲೆಕ್ಕ (ಮಂಡ್ಯ)

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ರಾತ್ರಿ ರಫ್ ಹಾಕಿದೆ, 11 ಬಂತು. ಎಫ್821 ಎರಡು ಕಡೆ! ಒಂದು ನನಗೆ ಗೊತ್ತಿದ್ದದ್ದು. ಇನ್ನೊಂದು ಫ್ಯಾಟ್ ತೀರಾ ಕಡಿಮೆ ಬಂದಾಗಿನ ಕಡಿತದ ಲೆಕ್ಕದಲ್ಲಿ, ಅದು ಇನ್ನೂ ಒಮ್ಮೆಯೂ ಓಡಿರಲಿಲ್ಲ.

ಬಗ್‌ಬೇರ್ ಅನ್ನುವ ಬಿ ಗುಂಪಿನ ನಿಯಮಗಳನ್ನೂ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿದೆ. ಬಿ006 ಬಂತು. ಒಂದು ಫಂಕ್ಷನ್‌ಗೆ ಡೀಫಾಲ್ಟ್ ಆಗಿ ಖಾಲಿ ಪಟ್ಟಿ ಕೊಟ್ಟಿದ್ದೆ. ಆ ಪಟ್ಟಿ ಫಂಕ್ಷನ್ ಬರೆದ ಕಡೆ ಒಂದೇ ಸಲ ಹುಟ್ಟುತ್ತದೆ, ಪ್ರತಿ ಸಲ ಹೊಸದು ಬರುವುದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ಎರಡು ಮನೆಗೆ ಮಾಡಿ ನೋಡಿದೆ: ಮೊದಲನೆಯವರ 6 ಲೀಟರ್ ಎರಡನೆಯವರ ಪಟ್ಟಿಯಲ್ಲೂ ಕೂತಿತ್ತು. ಸದ್ಯ, ಆ ಫಂಕ್ಷನ್ ಇನ್ನೂ ಬಳಕೆಗೆ ತಂದಿರಲಿಲ್ಲ. ಈಗ ಡೀಫಾಲ್ಟ್ ನನ್ (ಏನೂ ಇಲ್ಲ) ಅಂತ ಇಟ್ಟು, ಒಳಗೆ ಹೊಸ ಪಟ್ಟಿ ಮಾಡುತ್ತಿದ್ದೇನೆ.

ಎಕ್ಸೆಪ್ಟ್ ಈಗ ಡೇಟಾದಲ್ಲಿ ತಪ್ಪು ಬೆಲೆ ಇದ್ದರೆ ಬರುವ ವ್ಯಾಲ್ಯೂಎರರ್‌ಗೆ ಮಾತ್ರ, ಅದೂ ಪಾಸ್ ಅಲ್ಲ, ಯಾರ ಸಾಲು ಕೆಟ್ಟಿತು ಅಂತ ಹೆಸರು ಹಾಕಿ ಕೆಂಪಕ್ಷರದಲ್ಲಿ ತೋರಿಸುತ್ತದೆ. ಗಿಟ್‌ನ ಪ್ರೀ-ಕಮಿಟ್ ಹುಕ್‌ನಲ್ಲಿ ರಫ್, ಶೆಲ್‌ಚೆಕ್ ಎರಡನ್ನೂ ಹಾಕಿದ್ದೇನೆ, ತಪ್ಪು ಇದ್ದರೆ ಕಮಿಟ್ ಆಗುವುದಿಲ್ಲ, ಅಂದರೆ ಬದಲಾವಣೆ ಗಿಟ್‌ನಲ್ಲಿ ದಾಖಲಾಗುವುದಿಲ್ಲ. ಬ್ಯಾಕಪ್‌ನಲ್ಲೂ ಎಸ್‌ಸಿ2164 ಇತ್ತು, ಮೇಲೆ ಹೇಳಿದ ಹಾಗೇ, ಪೆನ್‌ಡ್ರೈವಿನ ಫೋಲ್ಡರೇ.

3 ಮನೆಯ ಲೆಕ್ಕ ಕೈಯಲ್ಲೂ ಹಾಕಿ ತಾಳೆ ನೋಡಿದೆ. ಬೆಳಿಗ್ಗೆ ಹಾಲು ಹಾಕುವ ಹೊತ್ತಿಗೆ ಡೈರಿಗೆ ಹೋಗಿ ಅಜ್ಜಿಯ ಹೊಸ ಚೀಟಿ ಅವರ ಕೈಗೇ ಕೊಟ್ಟು ಬಂದೆ.